ಅಕ್ಕನ ಪುಟಕ್ಕೆ ಬಾರದ ಮೆನು

ಪಾಠ ಹೇಳುವವರಿಗೆ ಬರುವ ಕಾಯಿಲೆಗಳಲ್ಲಿ ಗಂಟಲುಬೇನೆಯೇ ದೊಡ್ಡದು ಎಂದು ಹೊರಗಿನವರು ತಿಳಿದಿರುತ್ತಾರೆ. ಅದಲ್ಲ. ದಿನವೂ ಮಂದಿಯ ಮುಂದೆ ನಿಂತು ಒಂದೇ ಮಾತನ್ನು ಹೇಳಿ ಹೇಳಿ, ಹೇಳಿದ್ದನ್ನೆಲ್ಲ ತಾವು ಮಾಡಿಯೂ ಇದ್ದೇವೆ ಎಂದು ನಂಬಿಬಿಡುವುದು ಅದಕ್ಕಿಂತ ದೊಡ್ಡ ಕಾಯಿಲೆ. ಇದಕ್ಕೆ ಉಪ್ಪುನೀರು ಮುಕ್ಕಳಿಸಿದರೂ ಗುಣ ಕಾಣುವುದಿಲ್ಲ. ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುತ್ತೇನೆ. "ಒಂದೇ ಕೆಲಸವನ್ನು ಹಲವು ಕಡೆ ಬರೆಯಬೇಡಿ, ಬರೆದರೆ ಒಂದಲ್ಲ ಒಂದು ಕಡೆ ಮರೆಯುತ್ತೀರಿ" ಎಂದು ವರ್ಷ ವರ್ಷವೂ ಹೇಳುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ಅದನ್ನು ನನ್ನ ದನಿಯಲ್ಲೇ, ನಾನು ಕನ್ನಡಕ ಸರಿಪಡಿಸಿಕೊಳ್ಳುವ ರೀತಿಯ ಸಮೇತ, ಅಣಕಿಸಿ ತೋರಿಸುವಷ್ಟು ಹೇಳಿದ್ದೇನೆ. ಹೀಗಿದ್ದೂ ನಾನೇ ಒಂದು ಕೆಲಸವನ್ನು ಹಲವು ಕಡೆ ಬರೆದು, ಒಂದು ಕಡೆ ಮರೆತು, ಆ ಮರೆವಿನಿಂದ ಸ್ವಂತ ಅಕ್ಕನನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದೆ ಎಂದರೆ ನಿಮಗೆ ನಂಬುವುದು ಕಷ್ಟವಾಗಬಹುದು. ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ನನ್ನ ಜೊತೆ ನಾನು ಬಹಳ ವರ್ಷದಿಂದ ಇದ್ದೇನೆ.

ನಾವು ನಾಲ್ವರು ಅಕ್ಕತಂಗಿಯರು. ಹುಟ್ಟಿದ್ದು ದುಂಡಸಿಯಲ್ಲಿ, ಸಂಸಾರ ಮಾಡುತ್ತಿರುವುದು ನಾಲ್ಕು ತಾಲೂಕುಗಳಲ್ಲಿ. ಹಿರಿಯಳು ಗಿರಿಜಕ್ಕ ಹಿರೇಕೆರೂರಿನಲ್ಲಿದ್ದಾಳೆ, ಎರಡನೆಯವಳು ನೀಲಕ್ಕ ಶಿಗ್ಗಾಂವಿಯಲ್ಲಿ, ಮೂರನೆಯವಳು ನಾನು ಹಾನಗಲ್ಲಿನಲ್ಲಿ, ಕಿರಿಯಳು ರೇಣು ಸವಣೂರಿನಲ್ಲಿ. ನಮ್ಮ ಅಪ್ಪ ವರ ಹುಡುಕುವಾಗ ಚುನಾವಣೆಗೆ ನಿಲ್ಲುವ ವಿಚಾರದಲ್ಲಿದ್ದನೇನೋ ಎಂದು ನಮ್ಮ ಯಜಮಾನರು ಚೇಷ್ಟೆ ಮಾಡುತ್ತಾರೆ. ಎಲ್ಲ ಊರೂ ಒಂದೇ ಜಿಲ್ಲೆಯವು. ಬೆಳಿಗ್ಗೆ ಬಸ್ಸು ಹತ್ತಿದರೆ ಯಾರ ಮನೆಗಾದರೂ ಊಟದ ಹೊತ್ತಿಗೆ ಮುಟ್ಟಬಹುದು. ಇಷ್ಟು ಹತ್ತಿರ ಇರುವುದರಿಂದಲೇ ನಾವು ಹೋಗುವುದಿಲ್ಲ. ದೂರವಿದ್ದರೆ ರಜೆ ಹಾಕಿ, ಚೀಲ ತುಂಬಿಕೊಂಡು ಹೋಗುತ್ತಿದ್ದೆವು. ಹತ್ತಿರದ ಊರಿಗೆ ಮುಂದಿನ ವಾರ ಹೋದರಾಯಿತು ಎನ್ನಿಸುತ್ತದೆ, ಆ ಮುಂದಿನ ವಾರ ಸುಲಭಕ್ಕೆ ಬರುವಂಥದ್ದಲ್ಲ. ಅವ್ವ ಹೋದ ಮೇಲಂತೂ ದುಂಡಸಿ ನಮಗೆ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ಆ ಬೋರ್ಡು ಕಂಡರೆ ಈಗಲೂ ಕಾಲು ಆ ಕಡೆ ಎರಡು ಹೆಜ್ಜೆ ಹಾಕುತ್ತದೆ. ಆಮೇಲೆ, ಇಳಿದು ಯಾರ ಮನೆಗೆ ಹೋಗುವುದು ಎಂದು ನೆನಪಾಗಿ ನಿಲ್ಲುತ್ತದೆ.

ಹೋದ ವರ್ಷ ರೇಣು ಒಂದು ವಿಚಾರ ತೆಗೆದಳು. ನಾಲ್ವರೂ ಮನೆಯಲ್ಲಿ ಏನಾದರೂ ಮಾಡುತ್ತೇವಲ್ಲ, ಕೂಡಿಯೇ ಏಕೆ ಮಾರಬಾರದು? ಅಕ್ಕನ ಖಡಕ್ ರೊಟ್ಟಿ, ನೀಲಕ್ಕನ ಶೇಂಗಾ ಚಟ್ನಿ, ರೇಣುವಿನ ಗುರೆಳ್ಳು ಚಟ್ನಿ. ನನ್ನ ಪಾಲಿಗೆ ಅಗಸಿ ಚಟ್ನಿ ಬಂತು. ಅದನ್ನು ಇಲ್ಲಿಯ ತನಕ ಯಾರೂ ಎರಡನೆಯ ಸಲ ಕೇಳಿಲ್ಲ, ಆದ್ದರಿಂದ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ನನ್ನ ಮರ್ಯಾದೆ ಉಳಿಸಿಕೊಂಡೆ. ನಿಜ ಹೇಳಬೇಕೆಂದರೆ ಮಾರಾಟ ನನಗೆ ನೆಪ. ನಾಲ್ಕು ಹೆಸರನ್ನು ಒಂದೇ ಸಾಲಿನಲ್ಲಿ ನೋಡಬೇಕಿತ್ತು. ಅವು ಕೊನೆಯ ಸಲ ಒಟ್ಟಿಗೆ ಅಚ್ಚಾಗಿದ್ದು ಅವ್ವನ ತಿಥಿಯ ಕಾರ್ಡಿನಲ್ಲಿ, ಅದರಲ್ಲೂ ಅಳಿಯಂದಿರ ಹೆಸರೇ ದಪ್ಪಕ್ಷರದಲ್ಲಿದ್ದವು.

ಈಗ ಸ್ವಲ್ಪ ಕಂಪ್ಯೂಟರಿನ ಮಾತು ಆಡಬೇಕು. ಗಾಬರಿಯಾಗಬೇಡಿ, ಮದುವೆಯ ಊಟಕ್ಕೆ ಕೂತವರಿಗೆಲ್ಲ ಇದು ಅರ್ಥವಾಗುತ್ತದೆ. ಮದುವೆಮನೆಯಲ್ಲಿ ಉಗ್ರಾಣದ ಬಾಗಿಲಲ್ಲಿ ಒಬ್ಬರು ಕೂತಿರುತ್ತಾರೆ. ಏನಿದೆ, ಏನು ಮುಗಿದಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ಹೊರಗೆ ಪಂಕ್ತಿ ಇದೆ, ಉಣ್ಣುವವನಿಗೆ ಕಾಣುವುದು ಎಲೆಯ ಮೇಲೆ ಬಂದದ್ದಷ್ಟೆ. ಇವೆರಡರ ನಡುವೆ ಹೆಗಲಿಗೆ ಟವೆಲ್ ಹಾಕಿಕೊಂಡು ಓಡಾಡುವವನೊಬ್ಬ. ಈ ಪಂಕ್ತಿಗೆ ಇದು ಬೇಕು ಎಂದು ಒಳಗೆ ಕೇಳಿ, ಇಸಿದುಕೊಂಡು, ಹೊರಗೆ ಮುಟ್ಟಿಸುವುದು ಅವನ ಕೆಲಸ. ವೆಬ್‌ಸೈಟನ್ನೂ ಹೀಗೆಯೇ ಮೂರು ಪಾಲು ಮಾಡಿ ಕಟ್ಟುವ ಒಂದು ಪದ್ಧತಿಯಿದೆ, ಎಂವಿಸಿ ಎನ್ನುತ್ತಾರೆ. ಉಗ್ರಾಣದವರು ಮಾಡೆಲ್, ಎಲೆ ವ್ಯೂ, ಟವೆಲ್‌ನವನು ಕಂಟ್ರೋಲರ್. ಒಂದೊಂದು ಪುಟಕ್ಕೂ ಒಬ್ಬೊಬ್ಬ ಟವೆಲ್‌ನವನು. ಅವನು ತನ್ನ ಪಂಕ್ತಿಯನ್ನು ಬಿಟ್ಟು ಇನ್ನೊಂದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಇದನ್ನು ಪುಸ್ತಕಗಳಲ್ಲಿ ಬಹಳ ಹೊಗಳಿದ್ದಾರೆ.

ತೊಡಕು ಬರುವುದು ಎಲ್ಲ ಪಂಕ್ತಿಗೂ ಬೇಕಾದ ಪದಾರ್ಥದಿಂದ. ನಮ್ಮ ಸೈಟಿನಲ್ಲಿ ಒಂದು ಮುಖಪುಟ, ಆಮೇಲೆ ಅಕ್ಕತಂಗಿಯರಿಗೆ ಒಂದೊಂದು ಪುಟ. ಪ್ರತಿ ಪುಟದ ನೆತ್ತಿಯ ಮೇಲೆ ಹಸಿರು ಪಟ್ಟಿ. ಅದರಲ್ಲಿ ನಾಲ್ಕೂ ಹೆಸರು, ಹೆಸರಿನ ಕೆಳಗೆ ಆ ವಾರ ಯಾರ ಬಳಿ ಏನಿದೆ, ಏನು ಮುಗಿದಿದೆ ಎಂಬ ಸುದ್ದಿ. ಹೆಸರನ್ನು ಮುಟ್ಟಿದರೆ ಆಕೆಯ ಪುಟಕ್ಕೆ ಹೋಗಬಹುದು. ಇದಕ್ಕೆ ಮೆನು ಎನ್ನುತ್ತಾರೆ. ಹೆಸರು ಬದಲಾಗುವುದಿಲ್ಲವಾದರೂ ಸುದ್ದಿ ಬದಲಾಗುತ್ತದಲ್ಲ, ಆದ್ದರಿಂದ ಪುಟ ತೆರೆದಾಗಲೆಲ್ಲ ಯಾರಾದರೂ ಉಗ್ರಾಣಕ್ಕೆ ಹೋಗಿ ಮೆನು ತರಬೇಕು. ನಾನು ಮುಖಪುಟದ ಕಂಟ್ರೋಲರಿಗೆ ಆ ಕೆಲಸ ಕಲಿಸಿದೆ, ಮೆನು ಚೆನ್ನಾಗಿ ಬಂತು. ಆಮೇಲೆ ರೇಣುವಿನ ಪುಟಕ್ಕೆ ಅದೇ ಸಾಲುಗಳನ್ನು ನಕಲು ಮಾಡಿ ಅಂಟಿಸಿದೆ. ಯಾಕೆ ರೇಣುವಿನಿಂದ ಶುರು ಮಾಡಿದೆ ಎಂದರೆ, ಆಕೆ ಸ್ನಾನಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಫೋನು ಮಾಡಿ "ನಂದು ಆತೇನ?" ಎಂದು ಕೇಳುತ್ತಿದ್ದಳು. ಆಮೇಲೆ ನೀಲಕ್ಕನದು. ಆಕೆ ಕೇಳುವುದಿಲ್ಲ, ಮುನಿಸಿಕೊಳ್ಳುತ್ತಾಳೆ, ಅದು ಇನ್ನೂ ದುಬಾರಿ. ಆಮೇಲೆ ನನ್ನದು. ಅಕ್ಕನ ಪುಟ ಕೊನೆಗೆ ಉಳಿಯಿತು. ಅಕ್ಕ ಕೇಳಿರಲಿಲ್ಲ. ಅಷ್ಟರಲ್ಲಿ ಕಾಲೇಜಿನಲ್ಲಿ ಪರೀಕ್ಷೆ ಬಂದವು. ಅಕ್ಕನ ರೊಟ್ಟಿಯ ಚಿತ್ರ, ದರ, ಹೆಸರು ಎಲ್ಲ ಹಾಕಿದೆ, ಮೆನು ತರುವ ಸಾಲುಗಳನ್ನು ಅಂಟಿಸಲು ಮರೆತೆ.

ಇಂಥ ತಪ್ಪು ಮಾಡಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಬೊಬ್ಬೆ ಹಾಕುತ್ತದೆ. ಆದರೆ ನಾನು ಬುದ್ಧಿವಂತಿಕೆ ತೋರಿಸಿ, "ಮೆನು ಬಂದಿದ್ದರೆ ತೋರಿಸು, ಬಂದಿರದಿದ್ದರೆ ಸುಮ್ಮನಿರು" ಎಂದು ಮೊದಲೇ ಬರೆದಿಟ್ಟಿದ್ದೆ. ಹೀಗಾಗಿ ಅಕ್ಕನ ಪುಟ ಸುಮ್ಮನಿತ್ತು, ಥೇಟ್ ಅಕ್ಕನ ಹಾಗೆ. ನೆತ್ತಿಯ ಮೇಲೆ ಖಾಲಿ ಹಸಿರು ಪಟ್ಟಿ ಇಟ್ಟುಕೊಂಡು ಎಷ್ಟೋ ವಾರ ಸುಮ್ಮನಿತ್ತು.

ಒಂದು ದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವಾಗ ಅಕ್ಕನ ಫೋನು ಬಂತು. ಅಕ್ಕ ಫೋನು ಮಾಡುವುದೇ ಅಪರೂಪ.

"ಸುಮಿ, ಉಂಡ್ಯಾ?"

"ಉಣ್ಣಾಕತ್ತೇನಿ ಅಕ್ಕಾ. ನಿಂದು?"

"ನಂದು ಆತು. ಏನಿಲ್ಲ, ಒಂದು ಕೇಳೂದಿತ್ತು. ನೀ ಮೊಬೈಲ್‌ನ್ಯಾಗ ಮಾಡೀಯಲ್ಲ, ಅದ್ರಾಗ ನೀಲಾನ ಪುಟ ತಗದ್ರ ಮ್ಯಾಲೆ ನಾವು ನಾಕೂ ಮಂದಿ ಅದೇವಿ. ರೇಣುಂದು ತಗದ್ರೂ ಅದೇವಿ. ನನ್ನ ಪುಟಕ್ಕ ಬಂದ್ರ ಯಾರೂ ಇಲ್ಲ. ಬರೇ ಹಸರ ಪಟ್ಟಿ."

"ಹೌದಾ? ಏನೋ ಸಣ್ಣದು ಆಗಿರಬೇಕು ಅಕ್ಕಾ. ಸಂಜೀಕ ನೋಡ್ತೇನಿ."

"ನೋಡಬ್ಯಾಡ. ತಗದುಬಿಡು."

"ಏನ ತಗೀಲಿ?"

"ನನ್ನ ಪುಟ. ರೊಟ್ಟಿ ನಾ ಇಲ್ಲೇ ಊರಾಗ ಕೊಟ್ಕೊಂತೇನಿ. ನೀವು ಮೂರೂ ಮಂದಿ ಛಲೋ ಮಾಡಾಕತ್ತೀರಿ, ಮಾಡ್ರಿ." ಆಮೇಲೆ, "ಉಣ್ಣು, ಆರತೈತಿ" ಎಂದು ಫೋನು ಇಟ್ಟಳು.

ಸಿಟ್ಟಿನಿಂದ ಹೇಳಿದ್ದರೆ ನನಗೆ ಧೈರ್ಯವಿರುತ್ತಿತ್ತು. ನೀಲಕ್ಕನ ಸಿಟ್ಟು ಎರಡು ದಿನದ್ದು, ರೇಣುವಿನದು ಚಹ ಕುಡಿಯುವ ತನಕ. ಅಕ್ಕನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬಸ್ಸಿನಲ್ಲಿ ಇನ್ನೊಬ್ಬರಿಗೆ ಸೀಟು ಬಿಟ್ಟುಕೊಟ್ಟು ಏಳುವವರ ದನಿಯಿತ್ತು. ಅಕ್ಕ ಹೀಗೆ ಎದ್ದು ಹೋದಳೆಂದರೆ ತಾನಾಗಿ ಮತ್ತೆ ಬಂದು ಕೂರುವವಳಲ್ಲ. ನಾಲ್ಕು ಹೆಸರಿನ ಸಾಲು ಮೂರಾಗುತ್ತದೆ, ಅದಕ್ಕೆ ಕಾರಣ ನಾನಾಗುತ್ತೇನೆ.

ನೀಲಕ್ಕನಿಗೆ ಫೋನು ಮಾಡಿದೆ. "ಅದಾ? ನಾ ಆವಾಗೇ ನೋಡಿದ್ದೆ" ಎಂದಳು ನೀಲಕ್ಕ. "ನೋಡಿ ನನಗ್ಯಾಕ ಹೇಳಲಿಲ್ಲ?" ಎಂದರೆ, "ಅಕ್ಕ ಏನ್ ಅನ್ಕೊಳ್ಳಂಗಿಲ್ಲ ಬಿಡು ಅಂತ ಸುಮ್ಮನಿದ್ದೆ." ರೇಣುವೂ ನೋಡಿದ್ದಳು. "ಅಕ್ಕಾಗ ಅದೆಲ್ಲ ತಿಳೀತೈತಿ ಅಂತ ನನಗೇನ ಗೊತ್ತ ಬೇ?" ಎಂದು ನನ್ನನ್ನೇ ಕೇಳಿದಳು. ಸಂಜೆ ಯಜಮಾನರಿಗೆ ಹೇಳಿದೆ. ಅವರು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ, ಸಂತೆಯ ದಿನ ಬಂದರಂತೂ ಮೈಯೆಲ್ಲ ತೌಡು. ತೌಡು ಕೊಡವಿಕೊಳ್ಳುತ್ತ, "ಗಿರಣ್ಯಾಗ ಒಂದು ಚೀಲ ಮರತ್ರ ಮಾಲಕ ಬೈತಾನ. ನೀ ಅಕ್ಕನ್ನ ಮರತೀಯಲ್ಲ, ನಿನಗ ಯಾರ ಬೈಬೇಕು?" ಎಂದರು. ಬೈಯಬೇಕಾದವಳು ಅವ್ವ. ಆದರೆ ಈ ವಿಷಯದಲ್ಲಿ ಅವ್ವ ಬೈಯುತ್ತಿದ್ದಳೋ ಇಲ್ಲವೋ, ನನಗೆ ಅನುಮಾನ.

ಯಾಕೆಂದರೆ ಅಕ್ಕನನ್ನು ಕೊನೆಗೆ ಇಡುವುದು ನಾನು ಹುಟ್ಟುಹಾಕಿದ ಪದ್ಧತಿಯಲ್ಲ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಟ್ಟೆ ತಂದರೆ ಆರಿಸುವುದು ಕಿರಿಯಳಿಂದ ಶುರುವಾಗುತ್ತಿತ್ತು. ಮೂವರು ಆರಿಸಿ ಬಿಟ್ಟದ್ದು ಅಕ್ಕನದು. ಹೋಳಿಗೆ ಬಡಿಸುವುದೂ ಹಾಗೆಯೇ. ಆಮೇಲೆ ಎಲ್ಲರ ಮದುವೆಯಾಗಿ ಕೈಗೆ ಫೋನು ಬಂದಾಗ, ಊರಿನ ಸುದ್ದಿಯನ್ನು ಅವ್ವ ಮೊದಲು ರೇಣುವಿಗೆ, ಆಮೇಲೆ ನನಗೆ, ಆಮೇಲೆ ನೀಲಕ್ಕನಿಗೆ ಹೇಳುತ್ತಿದ್ದಳು. ಅಕ್ಕನ ಸರದಿ ಬರುವಷ್ಟರಲ್ಲಿ ಸುದ್ದಿಯೋ, ಫೋನಿನ ಕರೆನ್ಸಿಯೋ ಮುಗಿದಿರುತ್ತಿತ್ತು. "ಗಿರಿಜಾ ತಿಳಕೊಂತಾಳ" ಎನ್ನುತ್ತಿದ್ದಳು ಅವ್ವ. ಗಿರಿಜಾ ತಿಳಿದುಕೊಳ್ಳುತ್ತಿದ್ದಳು. ತಿಳಿದುಕೊಳ್ಳುವವರು ಮನೆಯಲ್ಲಿ ಒಬ್ಬರಿದ್ದರೆ ಉಳಿದವರಿಗೆ ಏನೂ ತಿಳಿಯುವ ಅಗತ್ಯ ಬೀಳುವುದಿಲ್ಲ.

ಆದರೂ ನನ್ನ ಮನಸ್ಸಿನಲ್ಲಿ ಒಂದು ಚಿತ್ರವಿತ್ತು, ಅದನ್ನು ಹಿಡಿದುಕೊಂಡೇ ನಾನು ಈ ಸೈಟು ಮಾಡಿದ್ದು. ದುಂಡಸಿಯ ಮನೆಯ ಮುಂದಿನ ಕಟ್ಟೆ. ಬೇಸಿಗೆಯ ಸಂಜೆ. ಮೆಣಸಿನಕಾಯಿ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದೇವೆ. ಅವ್ವ ನಡುವೆ, ಅಕ್ಕ ಅವ್ವನ ಬಲಕ್ಕೆ, ನೀಲಕ್ಕ ಎಡಕ್ಕೆ, ಎದುರಿಗೆ ನಾನು, ನನ್ನ ತೊಡೆಯ ಮೇಲೆ ಕಾಲು ಹಾಕಿಕೊಂಡು ರೇಣು. ಅವ್ವ ಓಣಿಯ ಸುದ್ದಿಯನ್ನು ಒಮ್ಮೆ ಹೇಳಿದರೆ ಸಾಕು, ನಾಲ್ವರಿಗೂ ಮುಟ್ಟುತ್ತಿತ್ತು. ಖಾರಕ್ಕೆ ಸೀನುತ್ತ ನಗುತ್ತ, ನಗುತ್ತ ಸೀನುತ್ತ ಕತ್ತಲಾಗುತ್ತಿತ್ತು. ಈಗಲೂ ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಿಚ್ಚಿದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ. ಅರ್ಧ ಖಾರಕ್ಕೆ.

ಅದೇ ವಾರ ಕೂತು ತಪ್ಪು ತಿದ್ದಿದೆ. ಅಕ್ಕನ ಪುಟಕ್ಕೂ ಅದೇ ಸಾಲು ಅಂಟಿಸಿದರೆ ಐದು ನಿಮಿಷದ ಕೆಲಸ. ಆದರೆ ಅಂಟಿಸಲು ನಾಚಿಕೆಯಾಯಿತು. ನಾಳೆ ಇನ್ನೊಂದು ಪುಟ ಬಂದರೆ ಮತ್ತೆ ಯಾರನ್ನೋ ಮರೆಯುತ್ತೇನೆ. ಸರಿಯಾದ ದಾರಿ ಬೇರೆ ಇದೆ. ಮದುವೆಮನೆಯಲ್ಲಿ ಉಣ್ಣುವವರು ಕೂತ ಮೇಲೆ ಪಂಕ್ತಿ ನೋಡಿ ಉಪ್ಪು ಬಡಿಸುವುದಿಲ್ಲ, ಎಲೆ ಹಾಸಿದ ಕೂಡಲೇ ಎಲ್ಲ ಎಲೆಗೂ ಬಿದ್ದುಹೋಗಿರುತ್ತದೆ. ಹಾಗೆಯೇ ಎಲ್ಲ ಕಂಟ್ರೋಲರುಗಳ ಮೇಲೆ ಒಬ್ಬ ಹಿರಿಯ ಕಂಟ್ರೋಲರನ್ನು ಕೂರಿಸಬೇಕು. ಯಾವ ಪುಟವೇ ಇರಲಿ, ಮೊದಲು ಅವರ ಮುಂದೆ ಹಾದು ಬರಬೇಕು, ಹಾದು ಬರುವಾಗ ಅವರು ಮೆನುವನ್ನು ಕೈಯಲ್ಲಿಟ್ಟೇ ಕಳಿಸುತ್ತಾರೆ. ಪುಟದವರು ಕೇಳುವ ಅಗತ್ಯವಿಲ್ಲ. ಇದನ್ನು ಬರೆಯುವಾಗ ನನಗೆ ಅವ್ವನ ನೆನಪಾಗಿ ಕೈ ನಿಂತಿತು ಎಂದು ನನ್ನ ಡೈರಿಯಲ್ಲಿದೆ. ಆದರೆ ಡೈರಿ ಬರೆಯುವುದು ನಾನು ಎರಡು ದಿನ ತಡವಾಗಿ, ಅಷ್ಟರಲ್ಲಿ ನನ್ನ ಭಾವನೆಗಳು ಬಹಳ ಸುಧಾರಿಸಿರುತ್ತವೆ. ನಿಜಕ್ಕೂ ಆಗ ನೆನಪಾಗಿದ್ದು ಒಲೆಯ ಮೇಲಿನ ಹಾಲು ಇದ್ದರೂ ಇರಬಹುದು.

ಅಂತೂ ಕೆಲಸವಾಯಿತು. ನನ್ನ ಫೋನಿನಲ್ಲಿ ಹಿರೇಕೆರೂರಿನ ಪುಟ ತೆರೆದೆ. ನೆತ್ತಿಯ ಮೇಲೆ ನಾಲ್ಕೂ ಹೆಸರು. ಗೆದ್ದ ಉತ್ಸಾಹದಲ್ಲಿ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಈಗ ನೋಡು. ಎಲ್ಲಾರೂ ಬಂದೇವಿ."

ಅಕ್ಕ ಫೋನು ಒತ್ತಿ ಒತ್ತಿ ನೋಡುವುದು ಕೇಳಿಸಿತು. ಆಮೇಲೆ ಅಕ್ಕ, "ನಿನ್ನ ಫೋನಿನ್ಯಾಗ ಬಂದಿರಬೇಕು. ನನ್ನ ಫೋನಿನ್ಯಾಗ ಯಾರೂ ಬಂದಿಲ್ಲ" ಎಂದಳು.

ಕಾರಣ ನನಗೆ ಗೊತ್ತಿತ್ತು. ಫೋನುಗಳಿಗೆ ಒಂದು ದುರಭ್ಯಾಸವಿದೆ. ಒಮ್ಮೆ ನೋಡಿದ ಪುಟವನ್ನು ಒಳಗೆ ಇಟ್ಟುಕೊಂಡು, ಮತ್ತೆ ಕೇಳಿದಾಗ ಹೊಸದಾಗಿ ತರುವ ಬದಲು ಹಳೆಯದನ್ನೇ ಇದೀಗ ತಂದೆ ಎಂಬಂತೆ ಮುಂದೆ ಹಿಡಿಯುತ್ತವೆ. ಇದು ನೆನಪಿನ ದೋಷ. "ಅಕ್ಕಾ, ನಿನ್ನ ಫೋನು ಹಳೇದನ್ನ ತೋರಸಾಕತ್ತೈತಿ. ಅದನ್ನ ಅಳಿಸಬೇಕು. ಸೆಟ್ಟಿಂಗ್‌ದಾಗ ಹೋಗಿ..." ಎಂದು ನಾನು ಪಾಠ ಶುರು ಮಾಡಿದೆ. ಅಕ್ಕ ಪೂರ್ತಿ ಕೇಳಿ, "ಯವ್ವಾ, ನನಗ ಅದೆಲ್ಲ ಬರಂಗಿಲ್ಲ. ಇರೂದ ಹಳೇದ, ಹಳೇದ ತೋರಸ್ಲಿ ಬಿಡು. ನೀ ಮೊದಲ ಆ ಪುಟ ತಗಿ" ಎಂದಳು.

ಫೋನಿನಲ್ಲಿ ಇದು ಮುಗಿಯುವ ಮಾತಲ್ಲ ಎಂದು ಶನಿವಾರ ಹಿರೇಕೆರೂರಿನ ಬಸ್ಸು ಹತ್ತಿದೆ. ಅಕ್ಕಿಆಲೂರಿನಲ್ಲಿ ಬಸ್ಸು ನಿಂತಿತು, ನಿಂತೇ ಇತ್ತು. ಡ್ರೈವರು ಇಳಿದು ಚಹದಂಗಡಿಗೆ ಹೋದ. ನನ್ನ ಪಕ್ಕ ಚೀಲವೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಒಬ್ಬ ಅಜ್ಜಿ ಬಂದು ಕೂತಳು.

"ಎಲ್ಲಿಗೆ ಹೊಂಟೀರಿ ಬಾಯಾರ?"

"ಹಿರೇಕೆರೂರಿಗ್ರಿ. ಅಕ್ಕನ ಮನೀಗೆ."

"ಏನರ ಕಾರ್ಯ ಐತೇನ್ರಿ ಮನ್ಯಾಗ?"

"ಏನಿಲ್ರಿ. ಹಂಗಽ."

ಅಜ್ಜಿ ನನ್ನ ಮುಖವನ್ನು ಒಮ್ಮೆ ನೋಡಿದಳು. "ಹಂಗಽ ಯಾರ ಹೊಕ್ಕಾರ್ರಿ ಈಗ? ಏನೋ ಐತಿ, ನೀವು ಹೇಳವಲ್ರಿ" ಎಂದು ಚೀಲವನ್ನು ಸರಿಪಡಿಸಿಕೊಂಡಳು. ಮೆನು ಬರುತ್ತಿಲ್ಲವೆಂದು ಹೊರಟಿದ್ದೇನೆ ಎಂದು ಆಕೆಗೆ ಹೇಗೆ ಹೇಳುವುದು? ಅಕ್ಕನ ಮನೆಗೆ ನಾನು ಕೊನೆಯ ಸಲ ಸುಮ್ಮನೆ ಹೋದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ಗೃಹಪ್ರವೇಶಕ್ಕೆ ಹೋಗಿದ್ದೆ, ಅಕ್ಕನ ಮಗಳ ಮದುವೆಗೆ ಹೋಗಿದ್ದೆ, ಅಕ್ಕನಿಗೆ ಆಪರೇಷನ್ ಆದಾಗ ಸೇಬು ಹಿಡಿದುಕೊಂಡು ಹೋಗಿದ್ದೆ. ಕಾರ್ಯವಿಲ್ಲದೆ ಹೋದದ್ದು ನೆನಪಿಗೆ ಬರಲಿಲ್ಲ. ಅಜ್ಜಿಯ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಓಣಿಗೇ ಕೇಳುತ್ತಿತ್ತು. ನಾನು ಬಂದದ್ದು ಕಂಡು ಅಕ್ಕನಿಗೆ ಆಶ್ಚರ್ಯವಾಯಿತೋ ಏನೋ, ತೋರಿಸಿಕೊಳ್ಳಲಿಲ್ಲ. "ಬಾ, ಕುಂದ್ರು. ಬಿಸಿ ರೊಟ್ಟಿ ಐತಿ, ಬೆಣ್ಣಿ ಹಚ್ಚಿ ಕೊಡ್ಲಿ?" ಎಂದಳು. ತಿಂದೆ. ಅಕ್ಕನ ರೊಟ್ಟಿ ಎಷ್ಟು ತೆಳ್ಳಗೆಂದರೆ, ಎತ್ತಿ ಹಿಡಿದರೆ ಆಚೆ ಕೂತವರ ಮುಖ ಕಂಡೀತು. ಕೈ ತೊಳೆದು ಅಕ್ಕನ ಫೋನು ಇಸಿದುಕೊಂಡು, ಅದರ ಹಳೆಯ ನೆನಪನ್ನೆಲ್ಲ ಅಳಿಸಿ, ಪುಟ ತೆರೆದು ಮುಂದೆ ಹಿಡಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಸ್ವಲ್ಪ ದೂರ ಹಿಡಿದು, ಒಂದೊಂದೇ ಓದಿದಳು.

"ಗಿರಿಜಾ. ನೀಲಾ. ಸುಮಾ. ರೇಣುಕಾ." ಆಮೇಲೆ ನೀಲಕ್ಕನ ಹೆಸರು ಮುಟ್ಟಿದಳು, ನೀಲಕ್ಕನ ಪುಟ ಬಂತು. ಅಲ್ಲಿಂದ ರೇಣುವಿನ ಪುಟ. ಅಲ್ಲಿಂದ ಮರಳಿ ತನ್ನದು. "ಶೇಂಗಾ ಚಟ್ನಿ ಮುಗ್ದೈತಂತ ನೀಲಾಂದು" ಎಂದಳು. ಮುಖದಲ್ಲಿ ಒಂದು ಗೆರೆ ಸಡಿಲವಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣೆ. ಆದರೆ ಆ ಗೆರೆ ಕಂಡು ಉಬ್ಬಿಹೋದೆ. "ಅಕ್ಕಾ, ನಾ ಇದನ್ನ ಯಾಕ ಮಾಡಿದ್ದು ಗೊತ್ತೈತಿ? ನಾವು ದುಂಡಸ್ಯಾಗ ಕಟ್ಟಿ ಮ್ಯಾಲೆ ಕುಂತು ಮೆಣಸಿನಕಾಯಿ ಬಿಡಸ್ತಿದ್ವಿ ನೋಡು, ನಾಕೂ ಮಂದಿ ಅವ್ವನ ಸುತ್ತ. ಹಂಗ ಇರ್ಲಿ ಅಂತ."

"ನಾ ಎಲ್ಲಿದ್ದೆ?" ಎಂದಳು ಅಕ್ಕ.

"ಅವ್ವನ ಬಲಕ್ಕ."

"ಬಲಕ್ಕ ನೀಲಾ ಕುಂದ್ರತಿದ್ಲು. ಎಡಕ್ಕ ಬಾಜೂಮನಿ ಕಾಕು. ನಾ ಒಳಗಿರ್ತಿದ್ದೆ ಸುಮಿ. ಸಂಜೀ ರೊಟ್ಟಿ ಯಾರ ಬಡೀತಿದ್ರು ಅನ್ಕೊಂಡಿ?"

ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. "ನಿಮ್ಮ ನಗು ಕೇಳತಿತ್ತು. ಯಾಕ ನಗಾಕತ್ತೀರೇ ಅಂತ ಒಳಗಿಂದನ ಒದರತಿದ್ದೆ. ನೀವು ಮೂರೂ ಮಂದಿ ಸೀನೂದ್ರಾಗ ಇರ್ತಿದ್ರಿ, ನಿಮಗೆಲ್ಲಿ ಕೇಳಬೇಕು? ಆಮ್ಯಾಲೆ ಉಣ್ಣೂ ಮುಂದ ಕೇಳಿದ್ರ, ಏನಿಲ್ಲಕ್ಕಾ ಅಂತಿದ್ರಿ. ಮೊನ್ನೆ ಆ ಹಸರ ಪಟ್ಟಿ ನೋಡಿದೆ ನೋಡು, ಅದಽ ಅಡಿಗಿಮನ್ಯಾಗ ನಿಂತಂಗಾತು."

ಇಷ್ಟು ವರ್ಷ ನಾನು ಅಕ್ಕನನ್ನು ಆ ಕಟ್ಟೆಯ ಮೇಲೆ ಅವ್ವನ ಬಲಕ್ಕೆ ಕೂರಿಸಿಕೊಂಡು ಬಂದಿದ್ದೆ. ಆಕೆಯ ಕೈಯಲ್ಲಿ ಮೆಣಸಿನಕಾಯಿಯನ್ನೂ ಕೊಟ್ಟಿದ್ದೆ. ಸೀನುವುದನ್ನೂ ಕಲಿಸಿದ್ದೆ. ಹಿಂದೆ ಕಳೆದುಹೋದದ್ದೆಂದು ನಾನು ಯಾವುದಕ್ಕಾಗಿ ಹಂಬಲಿಸುತ್ತಿದ್ದೆನೋ ಅದು ಹಿಂದೆ ಇರಲೇ ಇಲ್ಲ. ಹಂಬಲ ಮಾತ್ರ ಇದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ ಎಂಬುದು ನನಗೇ ವಿಚಿತ್ರವಾಗಿ ಕಂಡಿತು. ಹೋಗಲು ಊರೇ ಇಲ್ಲ ಎಂದು ಗೊತ್ತಾದ ಮೇಲೂ ಬಸ್ಸಿಗೆ ಕಾಯುವವಳ ಸ್ಥಿತಿ.

"ಪುಟ ತಗೀಲೇನ ಅಕ್ಕಾ?" ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

ಅಕ್ಕ ಹಂಚನ್ನು ಒಲೆಯಿಂದ ಇಳಿಸಿದಳು. "ಒಂದು ಕೆಲಸ ಮಾಡು. ನಾಳೆ ಬ್ಯಾಡ, ಬರೂ ವಾರದ ಐತವಾರ ನೀಲಾನ್ನ, ರೇಣೂನ್ನ ಕರಕೊಂಡು ಬಾ. ಊಟಕ್ಕ ಇಲ್ಲೇ ಇರ್ರಿ. ನಾ ಹೊರಗ ಕುಂದ್ರತೇನಿ, ನೀ ರೊಟ್ಟಿ ಬಡಿ. ಆಮ್ಯಾಲೆ ಪುಟದ್ದು ಹೇಳ್ತೇನಿ."

"ನಾನಾ? ಅಕ್ಕಾ, ನನ್ನ ರೊಟ್ಟಿ..."

"ಗೊತ್ತೈತಿ. ಬಡಿ."

ಭಾನುವಾರಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಅಕ್ಕನ ಮನೆಯಲ್ಲಿ ಮಾರಾಟಕ್ಕಿಟ್ಟ ಖಡಕ್ ರೊಟ್ಟಿ ಯಾವಾಗಲೂ ಇರುತ್ತವೆ, ನನ್ನವು ಕೆಟ್ಟರೆ ಅವನ್ನೇ ಬಡಿಸಿದರಾಯಿತು. ಬಸ್ಸಿನಲ್ಲಿ ಕೂತು ಯಾವುದಕ್ಕೂ ಇರಲಿ ಎಂದು ಸೈಟು ತೆರೆದು ನೋಡಿದೆ. ಹಿಂದಿನ ಭೇಟಿಯಲ್ಲಿ ನಾನೇ ಅಕ್ಕನಿಗೆ ಸುದ್ದಿ ಬದಲಿಸುವುದನ್ನು ಕಲಿಸಿ ಬಂದಿದ್ದೆ, ಆಕೆ ಚೆನ್ನಾಗಿ ಕಲಿತಿದ್ದಳು. ಗಿರಿಜಾ, ಖಡಕ್ ರೊಟ್ಟಿ: ಮುಗಿದಿದೆ. ನನ್ನ ಪುಟಕ್ಕೆ ಹೋದೆ, ಅಲ್ಲೂ ಮುಗಿದಿದೆ. ನೀಲಕ್ಕನ ಪುಟದಲ್ಲೂ ಮುಗಿದಿದೆ, ರೇಣುವಿನದರಲ್ಲೂ. ನಾನು ತಿದ್ದಿದ್ದು ಎಲ್ಲ ಪುಟಗಳಲ್ಲಿ ಬಹಳ ಸೊಗಸಾಗಿ ಕೆಲಸ ಮಾಡುತ್ತಿತ್ತು.

ಅಕ್ಕನ ಪಡಸಾಲೆಯಲ್ಲಿ ಚಾಪೆ ಹಾಸಿ ಮೂವರೂ ಕೂತರು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿದಳು. ನಾನು ಒಳಗೆ ಹಿಟ್ಟು ನಾದಿದೆ, ಮೊದಲು ನೀರು ಹೆಚ್ಚಾಯಿತು, ಆಮೇಲೆ ಹಿಟ್ಟು ಹೆಚ್ಚಾಯಿತು, ಹೀಗೆ ಪರಸ್ಪರ ಹೆಚ್ಚಾಗಿ ಹೆಚ್ಚಾಗಿ ಒಂದು ಮದುವೆಗಾಗುವಷ್ಟು ಮುದ್ದೆಯಾಯಿತು. ಮೊದಲ ರೊಟ್ಟಿ ಬಡಿಯುವಾಗ ಹರಿಯಿತು. ಎರಡನೆಯದನ್ನು ಹಂಚಿಗೆ ಹಾಕಿ ನೀರು ಸವರುತ್ತಿದ್ದೆ, ಹೊರಗೆ ನಗು ಎದ್ದಿತು. ಮೂವರದೂ. ರೇಣುವಿನ ಕೀರಲು ನಗು, ನೀಲಕ್ಕನ ಉಸಿರು ಸಿಕ್ಕಿಕೊಳ್ಳುವ ನಗು, ಇವೆರಡರ ಕೆಳಗೆ ಇನ್ನೊಂದು, ಸಾವಕಾಶದ, ದಪ್ಪ ನಗು. ಅದು ಯಾರದೆಂದು ಒಂದು ಗಳಿಗೆ ನನಗೆ ಹೊಳೆಯಲಿಲ್ಲ. ಅಕ್ಕ ಹೀಗೆ ನಗುವುದನ್ನು ನಾನು ಕೇಳಿರಲಿಲ್ಲ, ಅಥವಾ ಕೇಳಿ ಮರೆತಿದ್ದೆ.

"ಏನ್ರೇ ಅದು?" ಎಂದು ಒಳಗಿನಿಂದ ಕೂಗಿದೆ. ಯಾರೂ ಉತ್ತರ ಕೊಡಲಿಲ್ಲ. ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಮೂವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಏನಾತು? ನನಗೂ ಹೇಳ್ರಿ."

"ಅಪ್ಪನ ಸೈಕಲ್ಲಿಂದು" ಎಂದಳು ನೀಲಕ್ಕ.

"ಅದಲ್ಲ, ನಿನ್ನ ಅಗಸಿ ಚಟ್ನಿದು" ಎಂದಳು ರೇಣು. ಹೇಳಿ ಮತ್ತೆ ಇಬ್ಬರೂ ಶುರು ಮಾಡಿದರು.

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಮೂಗು ಎತ್ತಿ ವಾಸನೆ ಹಿಡಿದು, "ರೊಟ್ಟಿ ಸೀಯಾಕತ್ತೈತಿ, ಹೋಗು" ಎಂದಳು. "ಮತ್ತ ಪುಟಾ?" ಎಂದೆ. "ಇರ್ಲಿ ಬಿಡು ಪುಟ, ಎಲ್ಲಿ ಹೊಕ್ಕೈತಿ?" ಎಂದು ನೀಲಕ್ಕನ ಕಡೆ ತಿರುಗಿ, "ಹಾಂ, ಮುಂದ?" ಎಂದಳು.

ಒಳಗೆ ಬಂದೆ. ಪುಟ ಉಳಿಯಿತು, ನಾಲ್ಕು ಹೆಸರು ಉಳಿದವು, ನಾನು ನಿರಾಳವಾಗಬೇಕಿತ್ತು. ಆದರೆ ನನಗೆ ಆ ಮುಂದಿನದು ಏನೆಂದು ಕೇಳಬೇಕಿತ್ತು. ಹಂಚಿನ ಮೇಲಿನ ಕರಿಯದನ್ನು ತೆಗೆದು ಹಾಕಿ, ಹೊಸದನ್ನು ತಟ್ಟತೊಡಗಿದೆ. ಜೋರಾಗಿ ಬಡಿದರೆ ಹೊರಗಿನ ಮಾತು ಕೇಳುವುದಿಲ್ಲ. ಆದ್ದರಿಂದ ಮೆಲ್ಲಗೆ, ಅಂಗೈ ಒತ್ತಿ ಒತ್ತಿ, ಕಿವಿಯನ್ನು ಬಾಗಿಲಿಗೆ ಕೊಟ್ಟು ಬಡಿದೆ. ಹಾಗೆ ಬಡಿದ ರೊಟ್ಟಿ ಅಗಲವಾಗುವುದಿಲ್ಲ. ಅಷ್ಟು ಮಾಡಿದರೂ ನನಗೆ ಕೇಳಿದ್ದು ಅರ್ಧ ಮಾತು, ಪೂರ್ತಿ ನಗು.

ಉಣ್ಣಲು ಕೂತಾಗ ರೇಣು ನನ್ನ ರೊಟ್ಟಿಯೊಂದನ್ನು ನೆಲಕ್ಕೆ ಬಡಿದು ಸಪ್ಪಳ ಮಾಡಿ ತೋರಿಸಿದಳು. ನೀಲಕ್ಕ, ಇದರ ಮೇಲೆ ಕುಂತು ಉಣ್ಣಬಹುದು ಎಂದಳು. ಅಕ್ಕ ಮಾತ್ರ ಒಂದನ್ನು ಕೈಯಲ್ಲಿ ತೂಗಿ ನೋಡಿ, ಅಂಚನ್ನು ಬೆರಳಲ್ಲಿ ಹಿಸುಕಿ, ನನ್ನ ಮುಖ ನೋಡಿದಳು.

"ಆಗ ನನ್ನವೂ ಹಿಂಗಽ ದಪ್ಪ ಆಗತಿದ್ದವು ಸುಮಿ. ಲಕ್ಷ್ಯ ಎಲ್ಲೈತಿ ನಿಂದು ಅಂತ ಅವ್ವ ಬೈತಿದ್ಲು."

ಆಕೆ ಅದನ್ನು ಮುರಿದು, ನೀಲಕ್ಕನ ಶೇಂಗಾ ಚಟ್ನಿ ಹಚ್ಚಿಕೊಂಡು, ಪೂರ್ತಿ ತಿಂದಳು. ನಾನೂ ಒಂದು ಎತ್ತಿಕೊಂಡೆ. ಒಳಗೆ ಬೆಂದಿರಲಿಲ್ಲ.